ಭಾವನ ಹೆಸರಿನ ಮಷೀನು

ಜೋಹಾನ್ಸ್‌ಬರ್ಗ್
೧೫ ಜುಲೈ ೨೦೦೭

ಪ್ರೀತಿಯ ನೆತ್ಸಾಯಿ ಅಕ್ಕನಿಗೆ,

ಪೆಟ್ಟಿಗೆ ಇಷ್ಟು ಭಾರ ಇದೆಯಲ್ಲ ಎಂದು ಗಾಬರಿಯಾಗಬೇಡ. ಒಳಗಿರುವುದು ಬ್ರೆಡ್ ಮಾಡುವ ಮಷೀನು. ನಾನು ಕೆಲಸಕ್ಕಿರುವ ಮನೆಯ ಮೇಡಂ ಹೊಸದೊಂದು ತಂದರು. ಹಳೆಯದನ್ನು ತೋರಿಸಿ, "ಮೈದೇಯಿ, ನೀನು ಒಯ್ತೀಯೋ, ಇಲ್ಲಾ ಕಸಕ್ಕೆ ಹಾಕ್ಲೋ?" ಎಂದರು. ಕಸಕ್ಕಂತೆ! ಗಡಿಯಾಚೆ ನಮ್ಮ ಮಸ್ವಿಂಗೋದಲ್ಲಿ ಅಂಗಡಿಗಳೆಲ್ಲ ಖಾಲಿ, ಒಂದು ಬ್ರೆಡ್ಡಿಗೆ ನಸುಕಿನಿಂದ ಸಾಲು ನಿಲ್ಲುತ್ತೀರಿ ಎಂದು ನಮ್ಮ ಕಾಗದ, ಸಾಮಾನು ಒಯ್ಯುವ ವ್ಯಾನ್ ಡ್ರೈವರ್ ಜೆಕೋನಿಯಾ ಹೇಳಿದಾಗಿನಿಂದ ಇಲ್ಲಿ ನನ್ನ ಗಂಟಲಲ್ಲಿ ಚೂರೂ ಇಳಿಯುತ್ತಿರಲಿಲ್ಲ. ಬಸ್ಸು ಮಗುಚಿ ನಿನ್ನ ಮಣಿಕಟ್ಟು ಮುರಿದ ಮೇಲೆ ಹಿಟ್ಟು ನಾದುವುದಿರಲಿ, ಒದ್ದೆ ಬಟ್ಟೆ ಹಿಂಡುವುದಕ್ಕೂ ನಿನಗಾಗದು. ಇದಕ್ಕೆ ಕೈಯೇ ಬೇಡ.

ಸರಿಯಾಗಿ ಓದಿಕೋ. ಒಳಗಿನ ಪಾತ್ರೆಯ ತಳದಲ್ಲಿ ಒಂದು ಗೂಟ ಇದೆ, ಮೊದಲು ಆ ಪುಟ್ಟ ರೆಕ್ಕೆಯನ್ನು ಅದಕ್ಕೆ ಸಿಕ್ಕಿಸು. ಅದು ತಿರುಗಿಯೇ ಹಿಟ್ಟು ನಾದುವುದು, ಅದಿಲ್ಲದಿದ್ದರೆ ಮಷೀನು ಬರೀ ಬಿಸಿ ಡಬ್ಬ. ಆಮೇಲೆ ನೀರು, ನೀರಿನ ಮೇಲೆ ಮೈದಾ, ಒಂದು ಮೂಲೆಗೆ ಉಪ್ಪು, ಇನ್ನೊಂದು ಮೂಲೆಗೆ ಸಕ್ಕರೆ. ನಡುವೆ ಬೆರಳಲ್ಲಿ ಗುಳಿ ಮಾಡಿ ಯೀಸ್ಟ್ ಹಾಕು, ಉಪ್ಪಿಗೂ ಅದಕ್ಕೂ ಆಗಿಬರುವುದಿಲ್ಲ. ಮುಚ್ಚಳ ತೆಗೆದು ತೆಗೆದು ಇಣುಕಬೇಡ. ನಿನ್ನ ಚಾಳಿ ನನಗೆ ಗೊತ್ತು.

ಪೆಟ್ಟಿಗೆಯ ಮೇಲೆ ಓನಿಯಾಸ್ ಭಾವನ ಹೆಸರನ್ನೇ ದಪ್ಪಗೆ ಬರೆದಿದ್ದೇನೆ. ಯಜಮಾನ ಇರುವ ಮನೆಗೆ ಹೆಂಡತಿಯ ಹೆಸರಲ್ಲಿ ಸಾಮಾನು ಕಳಿಸಿದರೆ ಭಾವನ ಅಕ್ಕ ಎಸ್ನಾತ್ ಸುಮ್ಮನಿರುತ್ತಾರೆಯೇ? "ಈ ಹುಡುಗೀರಿಗೆ ಅವರಮ್ಮ ಏನು ಕಲಿಸಿದ್ಲು?" ಎಂದು ಊರೆಲ್ಲ ಡಂಗುರ ಸಾರಿಬಿಡುತ್ತಾರೆ. ಭಾವನಿಗೆ ಮಂಡಿಯೂರಿ, ಎರಡೂ ಕೈಯಲ್ಲಿ ಕೊಡು. ಬಳಸುವವಳು ನೀನೇ ತಾನೆ.

ನಿನ್ನ ಮಗಳು ಕುಂಡಾಯಿಗೆ ನನ್ನ ಮುತ್ತು. ಮೈದಾ ಮತ್ತು ಯೀಸ್ಟ್ ಪ್ರತಿ ತಿಂಗಳೂ ಕಳಿಸುತ್ತೇನೆ.

ನಿನ್ನ ತಂಗಿ
ಮೈದೇಯಿ


ಮುಚೆಕೆ, ಮಸ್ವಿಂಗೋ
೧೯ ಆಗಸ್ಟ್ ೨೦೦೭

ಮೈದೇಯಿ,

ನಿನ್ನ ಹೊಟ್ಟೆ ತಣ್ಣಗಿರಲಿ ಕಣೇ! ನಿನ್ನ ಭಾವ ಪೆಟ್ಟಿಗೆಯ ಮೇಲಿನ ತಮ್ಮ ಹೆಸರನ್ನು ಬೇಲಿಯಾಚೆಯವರಿಗೆಲ್ಲ ಕೇಳುವ ಹಾಗೆ ಓದಿದರು. ಒಮ್ಮೆ ಓದಿದ್ದು ಸಾಲದೆಂದು ಅವರ ತಮ್ಮ ಫಿನಿಯಸ್ ಬಂದಾಗ ಮತ್ತೊಮ್ಮೆ ಓದಿದರು. ಆ ಚೀಟಿಯನ್ನು ಹರಿಯಲು ಬಿಡಲಿಲ್ಲ, ಮಷೀನಿನ ಬೆನ್ನಿಗೇ ಅಂಟಿಸಿದ್ದಾರೆ.

ಮೊದಲ ಬ್ರೆಡ್ಡಿನ ಕಥೆ ಕೇಳು. ಹಿಟ್ಟು ಉಬ್ಬಿ ಇನ್ನೇನು ಬೇಯಬೇಕು, ಕರೆಂಟು ಹೋಯಿತು. ನಾನು ಅಳುವುದೊಂದು ಬಾಕಿ. ಹಿಟ್ಟನ್ನು ಮೂರು ಕಾಲಿನ ಕಬ್ಬಿಣದ ಗಡಿಗೆಗೆ ಸುರಿದು, ಮುಚ್ಚಳದ ಮೇಲೆ ಕೆಂಡ ಹಾಕಿ ಬೇಯಿಸಿದೆ. ಈಗ ಹಾಗೇ ಅಭ್ಯಾಸವಾಗಿದೆ: ಕರೆಂಟು ಇರುವಷ್ಟು ಹೊತ್ತು ಮಷೀನು ನಾದುತ್ತದೆ, ಹೋದರೆ ಕೆಂಡ. ಪೂರ್ತಿ ಮಷೀನಿನಲ್ಲೇ ಬೆಂದರೆ ತಳದಲ್ಲಿ ರೆಕ್ಕೆ ಇದ್ದ ಕಡೆ ಒಂದು ತೂತು ಉಳಿಯುತ್ತದೆ. ನಿನ್ನ ಭಾವ ಅದನ್ನು ಹೊಕ್ಕುಳು ಅನ್ನುತ್ತಾರೆ. "ನೋಡು, ನಮ್ಮನೇಲಿ ಹುಟ್ಟಿದ್ದಕ್ಕೆ ಗುರುತು" ಎನ್ನುತ್ತಾರೆ.

ಆಸ್ಪತ್ರೆಯ ನರ್ಸುಗಳು ದಿನಾ ಬರುತ್ತಾರೆ. ಸೋಪು, ಎಣ್ಣೆ, ಸಕ್ಕರೆ, ಏನಿದ್ದರೆ ಅದನ್ನು ಕೊಟ್ಟು ಬ್ರೆಡ್ ಒಯ್ಯುತ್ತಾರೆ. ನನ್ನ ಕೈಯಿಂದ ಮನೆ ನಡೆಯುವುದು ಇದೇ ಮೊದಲು. ಹೇಳಿಕೊಳ್ಳಲು ನಾಚಿಕೆ, ಆದರೆ ನನಗೆ ಜಂಬ ಬಂದಿದೆ.

ನಿನ್ನ ಭಾವನಿಗೆ ಸ್ವಲ್ಪ ನೆಗಡಿ, ಕೆಮ್ಮು. ಈ ಆಗಸ್ಟಿನ ಚಳಿ ಕಳೆದರೆ ಸರಿಹೋಗುತ್ತದೆ. ನೀನೇನೂ ತಲೆಕೆಡಿಸಿಕೊಳ್ಳಬೇಡ.

ನಿನ್ನ ಅಕ್ಕ


ಮುಚೆಕೆ
೨೮ ಅಕ್ಟೋಬರ್ ೨೦೦೭

ಮೈದೇಯಿ,

ನಿನ್ನ ಭಾವ ಹೋದರು. ಜೆಕೋನಿಯಾ ಹೇಳಿರುತ್ತಾನೆ. ನೀನು ಬರುತ್ತೀಯೆಂದು ಮಣ್ಣು ಮಾಡುವುದನ್ನು ಒಂದು ದಿನ ತಡೆಸಿದೆ. ಗಂಡನ ಕಡೆಯವರೆಲ್ಲ ನನ್ನ ಮುಖ ನೋಡುತ್ತಿದ್ದರು. "ಇನ್ನೂ ಯಾರಿಗೆ ಕಾಯ್ತಿದ್ದೀವಿ?" ಎಂದು ಎಸ್ನಾತ್ ಕೇಳಿದರು. ನನ್ನ ಕಡೆಯವರೆಂದು ಹೇಳಿಕೊಳ್ಳಲು ನೀನೊಬ್ಬಳು, ನೀನೂ ಇರಲಿಲ್ಲ.

ಆಮೇಲೆ ಸಾಮಾನು ಹಂಚಿದರು. ಅವರ ಕೋಟು, ಶೂ, ಸೈಕಲ್ಲು, ರೇಡಿಯೋ, ಮಂಚ. ಅಡುಗೆಮನೆಯನ್ನು ಯಾರೂ ಮುಟ್ಟಲಿಲ್ಲ. ಗಡಿಗೆ, ತಟ್ಟೆ, ಮರದ ಸೌಟು, ಎಲ್ಲ ಹೆಂಗಸಿನದು. ಅದಕ್ಕೆ ಕೈ ಹಾಕಿದರೆ ಸತ್ತ ನಮ್ಮಮ್ಮನೇ ಎದ್ದು ಬಂದು ಕೇಳುತ್ತಾಳೆಂದು ಅವರಿಗೂ ಭಯವಿದೆ. ಮಷೀನೂ ಅಡುಗೆಮನೆಯದೇ ಎಂದು ನಾನು ನಿಶ್ಚಿಂತೆಯಿಂದ ಕೂತಿದ್ದೆ. ಫಿನಿಯಸ್ ಅದನ್ನು ಮೆಲ್ಲಗೆ ತಿರುಗಿಸಿ ಬೆನ್ನಿನ ಚೀಟಿ ತೋರಿಸಿದ.

"ಅತ್ತಿಗೆ, ಇದು ಅಣ್ಣಂದಲ್ವಾ? ನಿಮ್ಮ ತಂಗೀನೇ ಬರ್ದಿದ್ದಾಳಲ್ಲ."

"ಬರೆದದ್ದು ಮರ್ಯಾದೆಗೆ, ಫಿನಿಯಸ್. ಮುರಿದ ಕೈ ನಂದು."

ಎಸ್ನಾತ್ ತೀರ್ಪು ಕೊಟ್ಟರು: "ಬೆಂಕಿ ಮೇಲೆ ಕೂರೋದು ಹೆಂಗಸಿಂದು. ವೈರ್ ಇರೋದು ಗಂಡಸಿಂದು."

ನಗು ಬರುತ್ತದಲ್ಲವಾ? ಅಲ್ಲಿ ಯಾರೂ ನಗಲಿಲ್ಲ. ಫಿನಿಯಸ್ ಮಷೀನನ್ನು ಒಯ್ಯಲಿಲ್ಲ. "ವರ್ಷ ತುಂಬೋ ತನಕ ಇಲ್ಲೇ ಇರ್ಲಿ, ಈ ಬಾಡಿಗೆ ಮನೆ ಯಾರ ಹೆಸರಿಗಾಗುತ್ತೋ ಇದೂ ಅವರದು" ಎಂದ. ಪಾತ್ರೆಯೊಳಗಿನ ಆ ಪುಟ್ಟ ರೆಕ್ಕೆಯನ್ನು ಮಾತ್ರ ಬಿಚ್ಚಿ, ಕರವಸ್ತ್ರದಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡ.

ವರ್ಷ ತುಂಬಿದ ಮೇಲೆ ಏನಾಗುತ್ತದೆಂದು ನಿನಗೆ ಗೊತ್ತು. ಸತ್ತವರ ದೊಣ್ಣೆಯನ್ನು ನನ್ನ ಕೈಗೆ ಕೊಡುತ್ತಾರೆ. ಅವರ ಕಡೆಯ ಗಂಡಸರಲ್ಲಿ ನಾನು ಅದನ್ನು ಯಾರ ಕೈಗೆ ಕೊಡುತ್ತೇನೋ ಅವನು ನನ್ನ ಗಂಡ. ಫಿನಿಯಸ್‌ಗೆ ಈಗಾಗಲೇ ಹೆಂಡತಿ ಲೈನಾ ಇದ್ದಾಳೆ, ಅದು ಯಾರಿಗೂ ಅಡ್ಡಿಯಲ್ಲ. ನನಗೆ ಬೇಡ, ಮೈದೇಯಿ. ಸಾಯುವಷ್ಟು ಬೇಡ.

ನೆತ್ಸಾಯಿ


ಜೋಹಾನ್ಸ್‌ಬರ್ಗ್
೨ ಡಿಸೆಂಬರ್ ೨೦೦೭

ಅಕ್ಕಾ,

ಏನು ಬರೆದರೂ ಸಾಲದು. ಮೇಡಂ ರಜೆ ಕೊಡಲಿಲ್ಲ. ಅವರ ಮನೆಗೆ ನೆಂಟರು ಬಂದಿದ್ದರು. ಇದಕ್ಕಿಂತ ಹೆಚ್ಚು ಕೇಳಬೇಡ.

ಆ ಚೀಟಿ ಬರೆದ ನನ್ನ ಕೈಗೆ ಲಕ್ವ ಹೊಡೆಯಬಾರದಿತ್ತೆ! ಎಸ್ನಾತ್‌ರ ಬಾಯಿಗೆ ಹೆದರಿ ಬರೆದೆ, ಈಗ ಅವರ ಬಾಯಿಗೇ ತುತ್ತು ಕೊಟ್ಟ ಹಾಗಾಯಿತು. ಕೋರ್ಟಿಗೆ ಹೋದರೆ ಆಗುವುದಿಲ್ಲವೆ? ಇಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಕಾನೂನು ವಿಧವೆಯ ಕಡೆಗಿದೆ ಎನ್ನುತ್ತಾಳೆ.

ಅದು ಹೋಗಲಿ, ದೊಣ್ಣೆಯನ್ನು ಗಂಡಸಿಗೇ ಕೊಡಬೇಕೆಂದು ಎಲ್ಲಿದೆ? ಗಂಡನ ಅಕ್ಕನಿಗೆ ಕೊಡಬಹುದು. ಗುಟು ಊರಿನಲ್ಲಿದ್ದ ನಮ್ಮ ಚಿಕ್ಕಮ್ಮ ಹಾಗೇ ಮಾಡಿದ್ದಳು. ಯಾರ ಹೆಂಡತಿಯೂ ಆಗದೆ, ಅದೇ ಮನೆಯಲ್ಲಿ ಮಕ್ಕಳ ಜೊತೆ ಉಳಿದಳು. ಎಸ್ನಾತ್‌ರನ್ನೇ ಕೇಳು. ಬಾಯಿ ಜೋರು ನಿಜ, ಆದರೆ ಆಚಾರ ಮೀರುವವರಲ್ಲ.

ರೆಕ್ಕೆ ಇಲ್ಲಿ ಬಿಡಿಯಾಗಿ ಸಿಗುತ್ತದೇನೋ ಹುಡುಕುತ್ತೇನೆ. ಈ ಸಲ ಮೈದಾ ಸ್ವಲ್ಪ ಕಡಿಮೆ.

ಮೈದೇಯಿ


ಮುಚೆಕೆ
೧೦ ಫೆಬ್ರುವರಿ ೨೦೦೮

ಮೈದೇಯಿ,

ನೆಂಟರು ಬಂದಿದ್ದರಂತೆ. ಇರಲಿ ಬಿಡು.

ಕೋರ್ಟಿಗೆ ಹೋಗಿ ಗೆದ್ದು ಬಂದರೆ ನಾಳೆ ಕುಂಡಾಯಿಗೆ ಜ್ವರ ಬಂದಾಗ ಯಾರ ಬಾಗಿಲು ತಟ್ಟಲಿ? ಎಸ್ನಾತ್‌ರನ್ನು ಕೇಳಿದೆ. ನೀನು ಹೇಳಿದ್ದು ಸರಿ, ಬೇಡ ಅನ್ನಲಿಲ್ಲ. "ನಂಗೇ ಕೊಡು, ತಗೋತೀನಿ. ಮನೇಲೇ ಇರು, ಯಾರೂ ಎಬ್ಬಿಸಲ್ಲ. ಆದ್ರೆ ಬಾಡಿಗೆ ನಿಂದು, ಹೊಟ್ಟೆ ನಿಂದು, ಮಗೂ ಸ್ಕೂಲು ನಿಂದು. ಆಮೇಲೆ ಫಿನಿಯಸ್ ಹತ್ರ ಕೈ ಚಾಚಬೇಡ" ಎಂದರು. ನ್ಯಾಯವಾಗಿಯೇ ಹೇಳಿದರು. ನನ್ನ ಬ್ರೆಡ್ಡು ನಡೆದರೆ ನಾನು ಯಾರ ಹೆಂಡತಿಯೂ ಆಗಬೇಕಿಲ್ಲ. ಇಷ್ಟೇ ಲೆಕ್ಕ.

ಆದರೆ ಬ್ರೆಡ್ಡು ನಡೆಯುವುದು ಹೇಗೆ? ಫಿನಿಯಸ್ ಶನಿವಾರ ಬರುತ್ತಾನೆ. ಜೇಬಿನಿಂದ ರೆಕ್ಕೆ ತೆಗೆದು ಮೇಜಿನ ಮೇಲಿಡುತ್ತಾನೆ. ನಾನು ಹಿಟ್ಟು ಹಾಕುತ್ತೇನೆ, ಅವನು ನಿನ್ನ ಭಾವನ ಕುರ್ಚಿಯಲ್ಲಿ ಕೂತು ಮಷೀನಿನ ಸದ್ದು ಕೇಳುತ್ತಾನೆ. ಮೊದಲ ಬ್ರೆಡ್ಡು ಅವನಿಗೆ. ಬಿಸಿ ಇರುವಾಗಲೇ ಮುರಿದು, ಕುಂಡಾಯಿಗೂ ಕೊಟ್ಟು, "ಚೆನ್ನಾಗಿದೆ ಅತ್ತಿಗೆ" ಎನ್ನುತ್ತಾನೆ. ಹೋಗುವಾಗ ರೆಕ್ಕೆಯನ್ನು ತೊಳೆದು ಒಯ್ಯುತ್ತಾನೆ. ಕೆಟ್ಟವನಲ್ಲ, ಅದೇ ಕಷ್ಟ. ಸೋರುತ್ತಿದ್ದ ತಗಡು ಬದಲಾಯಿಸಿದ. ಒಂದು ದಿನವೂ ಮೈಮೇಲೆ ಬರಲಿಲ್ಲ. ಬೈಯೋಣವೆಂದರೆ ನನಗೆ ಒಂದು ಕಾರಣವನ್ನೂ ಬಿಟ್ಟಿಲ್ಲ.

ತಗಡು ಕೆಲಸದವನ ಹತ್ತಿರ ಬೇರೆ ರೆಕ್ಕೆ ಮಾಡಿಸಿದೆ. ಅದು ಪಾತ್ರೆಯನ್ನೆಲ್ಲ ಕೆರೆದು ಬ್ರೆಡ್ಡಿನಲ್ಲಿ ಕಪ್ಪು ಪುಡಿ ಬಂತು. ನರ್ಸುಗಳು ಹಿಂದಕ್ಕೆ ತಂದುಕೊಟ್ಟರು. ಕೈಯಲ್ಲೇ ನಾದಿದೆ, ಎರಡು ದಿನ ಬಟ್ಟಲು ಹಿಡಿಯಲು ಆಗಲಿಲ್ಲ.

ಮೈದೇಯಿ, ನಾಚಿಕೆ ಬಿಟ್ಟು ಕೇಳುತ್ತೇನೆ. ಕುಂಡಾಯಿಯನ್ನು ಕರೆದುಕೊಂಡು ನಾನು ಅಲ್ಲಿಗೇ ಬಂದುಬಿಡಲೇ? ನಿನ್ನ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತೇವೆ. ನಿನ್ನ ಮೇಡಂ ಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ. ಹೂಂ ಅನ್ನು ಸಾಕು.

ಅಕ್ಕ


ಜೋಹಾನ್ಸ್‌ಬರ್ಗ್
೧೬ ಮಾರ್ಚ್ ೨೦೦೮

ಅಕ್ಕಾ,

ಈಗ ಬರಬೇಡ. ಕೋಣೆ ತುಂಬ ಚಿಕ್ಕದು, ಇಲ್ಲಿ ಕುಂಡಾಯಿಗೆ ಸ್ಕೂಲು ಸಿಗುವುದೂ ಕಷ್ಟ. ಮೇಡಂಗೆ ಮನೆಯಲ್ಲಿ ಹೆಚ್ಚು ಜನ ಸೇರುವುದು ಇಷ್ಟವಿಲ್ಲ. ಸ್ವಲ್ಪ ದಿನ ತಡಿ, ಏನಾದರೂ ದಾರಿ ಮಾಡುತ್ತೇನೆ.

ರೆಕ್ಕೆ ಸಿಕ್ಕಿದೆ! ಹಳೆ ಸಾಮಾನಿನ ಅಂಗಡಿಯಲ್ಲಿ ಅದೇ ಜಾತಿಯ ಕೆಟ್ಟ ಮಷೀನೊಂದು ಬಿದ್ದಿತ್ತು. ಅಂಗಡಿಯವನಿಗೆ ದುಡ್ಡು ಕಟ್ಟಿ ಬಿಡಿಸಿಕೊಂಡು, ಮೇ ಕೊನೆಗೆ ಜೆಕೋನಿಯಾ ಬಂದಾಗ ಮೈದಾದ ಜೊತೆ ಕೊಟ್ಟು ಕಳಿಸುತ್ತೇನೆ. ಅಕ್ಟೋಬರ್‌ವರೆಗೆ ಸಮಯ ಇದೆಯಲ್ಲ. ಧೈರ್ಯವಾಗಿರು. ನಾನಿದ್ದೇನೆ.

ಮೈದೇಯಿ


ಮುಚೆಕೆ
೨೨ ಜೂನ್ ೨೦೦೮

ಮೈದೇಯಿ,

ಮೇ ಹೋಯಿತು, ಜೂನ್ ಹೋಗುತ್ತಿದೆ. ರೆಕ್ಕೆ ಇಲ್ಲ, ಮೈದಾ ಇಲ್ಲ, ಒಂದು ಸಾಲಿಲ್ಲ.

ಅಲ್ಲಿ ಹೊರಗಿನವರನ್ನು ಹೊಡೆದು ಮನೆ ಸುಡುತ್ತಿದ್ದಾರೆಂದು ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿ ನಾನು ಅನ್ನ ನೀರು ಬಿಟ್ಟಿದ್ದೆ. ನಿನ್ನೆ ಜೆಕೋನಿಯಾ ಬಂದ. ಅವನ ಅಂಗಿ ಹಿಡಿದುಕೊಂಡು ಕೇಳಿದೆ. "ಅಯ್ಯೋ ಬಿಡಿ ತಾಯಿ, ನಿಮ್ಮ ತಂಗಿ ಚೆನ್ನಾಗಿದ್ದಾಳೆ. ಬಸ್ ಸ್ಟ್ಯಾಂಡ್ ಹತ್ರ ದೂರದಿಂದ ಕಂಡ್ಲು. ಹೊಸ ಕಂಬಳಿ ಹೊದ್ದಿದ್ಲು, ಕೂಗಿದ್ರೆ ತಿರುಗ್ಲಿಲ್ಲ" ಎಂದ.

ಮೊದಲು ದೇವರಿಗೆ ಕೈ ಮುಗಿದೆ. ಆಮೇಲೆ ಮೈಯೆಲ್ಲ ಉರಿಯಿತು. ಹೊಸ ಕಂಬಳಿ! ಕೂಗಿದರೂ ತಿರುಗುವುದಿಲ್ಲ! ಬರುತ್ತೇನೆ ಎಂದರೆ ಕೋಣೆ ಚಿಕ್ಕದು, ಗಂಡ ಸತ್ತ ಎಂದರೆ ಮೇಡಂಗೆ ನೆಂಟರು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡೆಯಾ? ಸಣ್ಣ ಊರಿನ ಅಕ್ಕ ಅಲ್ಲಿ ನಿನಗೆ ಅವಮಾನ. ಹಾಗೆಂದು ಒಂದು ಸಾಲು ಬರೆದುಬಿಟ್ಟಿದ್ದರೆ ನಾನು ಜೆಕೋನಿಯಾನ ದಾರಿ ಕಾಯುವುದಾದರೂ ತಪ್ಪುತ್ತಿತ್ತು.

ಮೈದಾ ಈಗ ಫಿನಿಯಸ್ಸೇ ಗಡಿಯಿಂದ ತರುತ್ತಾನೆ. ಕುಂಡಾಯಿ ಅವನ ಸೈಕಲ್ಲಿನ ಸದ್ದು ಕೇಳಿದರೆ ಗೇಟಿಗೆ ಓಡುತ್ತಾಳೆ.

ನೆತ್ಸಾಯಿ


ಮುಚೆಕೆ
೨೪ ಆಗಸ್ಟ್ ೨೦೦೮

ಮೈದೇಯಿ,

ನಿನಗೆ ಬರೆಯಬಾರದೆಂದಿದ್ದೆ. ಆದರೆ ಇದನ್ನು ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ವರ್ಷದ ಕಾರ್ಯವನ್ನು ಎರಡು ತಿಂಗಳು ಮೊದಲೇ ಮಾಡಿಬಿಟ್ಟರು. ಅಕ್ಟೋಬರ್‌ನಲ್ಲಿ ಏನಾದರೂ ತಡವಾದರೆ ನವೆಂಬರ್ ತಿಂಗಳು ಇಂಥ ಕಾರ್ಯಕ್ಕೆ ನಿಷಿದ್ಧ, ಬಿಯರಿಗೆ ಧಾನ್ಯ ಹೇಗೂ ಸಿಕ್ಕಿದೆ ಎಂದರು. ನಿನ್ನೆ ಸಮಾಧಿಗೆ ಬಿಯರ್ ಎರೆದು ನಿನ್ನ ಭಾವನ ಆತ್ಮವನ್ನು ಮನೆಗೆ ಕರೆದೆವು. ಆಮೇಲೆ ಅಂಗಳದಲ್ಲಿ ಗಂಡಸರು ಸಾಲಾಗಿ ಕೂತರು, ಎಸ್ನಾತ್ ಕೊನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತರು. ದೊಣ್ಣೆಯನ್ನು ನನ್ನ ಕೈಗೆ ಕೊಟ್ಟರು. ನಿನ್ನ ಭಾವ ಹಿಡಿಯುತ್ತಿದ್ದ ಕಡೆ ಅದು ನುಣ್ಣಗಾಗಿತ್ತು.

ನಾನು ಮೊದಲು ಎಸ್ನಾತ್ ಕಡೆಗೇ ನಡೆದೆ, ಸುಳ್ಳು ಹೇಳುವುದಿಲ್ಲ. ಅವರು ಕಾಲು ಮಡಚಿ, ಕೈ ಚಾಚಲು ತಯಾರಾಗಿ ಕೂತರು. ಆ ಹೆಂಗಸಿನ ಕಣ್ಣಲ್ಲಿ "ಕೊಡು ಮಗಳೇ" ಎಂದಿತ್ತು. ಅವರಿಂದ ಅದನ್ನು ನಾನು ಯಾವತ್ತೂ ನಿರೀಕ್ಷಿಸಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಬಾಡಿಗೆ ಓಡಿತು, ಕುಂಡಾಯಿಯ ಸ್ಕೂಲು ಓಡಿತು, ಖಾಲಿ ಹಿಟ್ಟಿನ ಡಬ್ಬ ಓಡಿತು. ಈ ಮಣಿಕಟ್ಟಿನಲ್ಲಿ ಒಂದು ಸೇರು ಹಿಟ್ಟು ನಾದಲಾರೆ. ಜೊತೆಗೆ ನಿಲ್ಲುವವರು ಒಬ್ಬರಿದ್ದಿದ್ದರೆ! ಅಂಗಳದಾಚೆ ಗೇಟಿನ ಕಡೆ ನೋಡಿದೆ. ಯಾಕೆ ನೋಡಿದೆನೋ ನನಗೇ ಗೊತ್ತಿಲ್ಲ, ಅಲ್ಲಿ ಯಾರೂ ಬರುವವರಿರಲಿಲ್ಲ.

ತಿರುಗಿ ಬಂದು ಫಿನಿಯಸ್‌ಗೆ ಕೊಟ್ಟೆ.

ಹೆಂಗಸರು ಸಂಭ್ರಮಕ್ಕೆ ಕೇಕೆ ಹಾಕಿದರು. ಲೈನಾ ಕೂಡ ಹಾಕಿದಳು, ಪಾಪ, ತಲೆ ತಗ್ಗಿಸಿಕೊಂಡೇ. ಫಿನಿಯಸ್ ಎಲ್ಲರೆದುರೇ ಜೇಬಿಗೆ ಕೈ ಹಾಕಿ ರೆಕ್ಕೆಯನ್ನು ನನ್ನ ಅಂಗೈ ಮೇಲಿಟ್ಟು, "ಇನ್ನು ನಿಮ್ಮ ಹತ್ರನೇ ಇರ್ಲಿ" ಎಂದ. ನನಗೆ ಅಳು ಬಂತು. ಅದನ್ನು ಅವರು ಸಂತೋಷ ಎಂದುಕೊಂಡರು. ಮನೆಯ ಬಾಡಿಗೆ ಪುಸ್ತಕದಲ್ಲಿ ನಾಳೆ ಅವನ ಹೆಸರು ಬರೆಸುತ್ತಾರೆ.

ಇನ್ನು ನನಗೆ ಏನೂ ಕಳಿಸಬೇಡ. ಕಳಿಸುವ ಮನಸ್ಸಾದರೆ ಅವನ ಹೆಸರಿಗೇ ಬರೆ.

ನೆತ್ಸಾಯಿ


ಜೋಹಾನ್ಸ್‌ಬರ್ಗ್
೨೬ ಆಗಸ್ಟ್ ೨೦೦೮

ನನ್ನ ಅಕ್ಕಾ,

ನಿನ್ನ ಜೂನ್ ಕಾಗದ ಮೊನ್ನೆ ಕೈಗೆ ಬಂತು. ಎಷ್ಟೋ ಕೈ ದಾಟಿ ಬಂದಿದೆ, ಮಡಿಕೆಯಲ್ಲಿ ಹರಿದೇ ಹೋಗಿದೆ. ನೀನು ಬೈದದ್ದನ್ನೆಲ್ಲ ಓದಿ ನನಗೆ ಸಂತೋಷವಾಯಿತು ಎಂದರೆ ನಂಬುತ್ತೀಯಾ? ಬೈಯುವವರಾದರೂ ಒಬ್ಬರಿದ್ದಾರಲ್ಲ ಎನಿಸಿತು.

ಎಲ್ಲ ಹೇಳಿಬಿಡುತ್ತೇನೆ. ಭಾವ ಹೋದಾಗ ಮೇಡಂ ರಜೆ ಇಲ್ಲ ಎನ್ನಲಿಲ್ಲ. ನನ್ನ ಕಾಗದಪತ್ರದ ಅವಧಿ ಮುಗಿದಿತ್ತು, ಗಡಿ ದಾಟಿದರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ, ನಿನಗೆ ಮೈದಾ ಕಳಿಸುವವರು ಯಾರು ಎಂದು ಹೆದರಿದೆ. ಡಿಸೆಂಬರ್‌ನಲ್ಲಿ ಮೇಡಂ ಮನೆ ಮಾರಿ ತಮ್ಮ ಮಕ್ಕಳಿರುವ ದೇಶಕ್ಕೆ ಹೊರಟುಹೋದರು. ನೀನು ಬರಲೇ ಎಂದು ಕೇಳಿದಾಗ ನಾನು ಆರು ಜನ ಹೆಂಗಸರ ಜೊತೆ ತಗಡಿನ ಗುಡಿಸಲಲ್ಲಿ ಸರದಿಯ ಮೇಲೆ ಮಲಗುತ್ತಿದ್ದೆ. ಎಲ್ಲಿಗೆಂದು ಕರೆಯಲಿ? ಮೇ ತಿಂಗಳಲ್ಲಿ ಆ ಗುಡಿಸಲೂ ಹೋಯಿತು. ಹಾಡಿಕೊಂಡು ಬಂದರು, ಅಕ್ಕಾ. ಬೆಂಕಿ ಹಚ್ಚುವಾಗಲೂ ಹಾಡುತ್ತಿದ್ದರು. ಉಟ್ಟ ಬಟ್ಟೆಯಲ್ಲಿ ಓಡಿದೆ. ನಿನ್ನ ರೆಕ್ಕೆ, ಮೈದಾ, ಎಲ್ಲ ಅಲ್ಲೇ ಸುಟ್ಟಿತು. ಆಮೇಲೆ ಪೊಲೀಸ್ ಠಾಣೆಯ ಬಯಲು, ಆಮೇಲೆ ಡೇರೆ. ಕಂಬಳಿ ಅಲ್ಲಿ ಕೊಟ್ಟದ್ದು. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಭಾಷೆಯಲ್ಲಿ ಯಾರೋ ಕೂಗಿದ್ದು ನನಗೂ ಕೇಳಿಸಿತ್ತು. ಆಗ ನಮ್ಮ ಭಾಷೆಗೆ ತಿರುಗಿ ನೋಡುವುದಕ್ಕೆ ಭಯವಾಗುತ್ತಿತ್ತು.

ಬರೆಯಬಹುದಿತ್ತು, ಬರೆಯಲಿಲ್ಲ. ನಾನಿದ್ದೇನೆ, ನಾನಿದ್ದೇನೆ ಎಂದು ಬರೆದವಳು ಯಾವ ಮುಖದಿಂದ ಇದನ್ನು ಬರೆಯಲಿ ಎನಿಸಿತು.

ಸಾಕಾಯಿತು ನನಗೆ ಈ ಊರು. ಬರುವ ವಾರ ಹೊರಡುವ ಬಸ್ಸಿನಲ್ಲಿ ಬಂದುಬಿಡುತ್ತೇನೆ, ಕೈಚೀಲ ಬಿಟ್ಟರೆ ಹೊರಲು ಏನೂ ಇಲ್ಲ. ಅಕ್ಟೋಬರ್‌ಗೆ ಇನ್ನೂ ದಿನವಿದೆ, ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ದೊಣ್ಣೆಯನ್ನು ಎಸ್ನಾತ್‌ರ ಕೈಯಲ್ಲಿಟ್ಟು ಬಾ. ಮಷೀನನ್ನೂ ರೆಕ್ಕೆಯನ್ನೂ ಫಿನಿಯಸ್ಸೇ ಇಟ್ಟುಕೊಂಡು ಪೂಜೆ ಮಾಡಲಿ. ನನ್ನ ಎರಡು ಕೈಯೂ ಗಟ್ಟಿಯಾಗಿವೆ, ಎಷ್ಟು ಹಿಟ್ಟು ಬೇಕಾದರೂ ನಾದುತ್ತೇನೆ. ನೀನು ಕೆಂಡ ನೋಡಿಕೋ, ಕುಂಡಾಯಿ ನರ್ಸುಗಳಿಗೆ ಕೊಟ್ಟು ಬರಲಿ. ಬಾಡಿಗೆ ಹುಟ್ಟದೆ ಎಲ್ಲಿ ಹೋಗುತ್ತದೆ?

ಇಲ್ಲಿ ಪ್ರತಿಯೊಂದಕ್ಕೂ ಕೇಳಿಕೊಂಡು ಬದುಕಿದೆ, ಅಕ್ಕಾ. ಮಲಗಲು ಕೇಳಬೇಕು, ನೀರಿಗೆ ಕೇಳಬೇಕು, ಇರುವುದಕ್ಕೇ ಕೇಳಬೇಕು. ರಾತ್ರಿ ಬಸ್ಸು ಎಷ್ಟು ಹೊತ್ತಿಗೆ ಬಂದರೂ ನೇರ ಮುಚೆಕೆಗೆ ನಡೆದು ಬರುತ್ತೇನೆ, ಬಾಗಿಲು ತಟ್ಟುತ್ತೇನೆ. ಅದು ನನ್ನ ಅಕ್ಕನ ಮನೆ. ಒಳಗೆ ಬರಲು ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

ನಿನ್ನ ತಂಗಿ
ಮೈದೇಯಿ